ಹೊಸ ಮನೆಯ ಆತಂಕಕ್ಕೆ ಒಂದು ಪೆನ್ಸಿಲು, ಒಂದು ನೋಟ್‌ಬುಕ್ಕು

ಮೊದಲ ಬಾರಿಗೆ ಸ್ವಂತ ಮನೆಗೆ ಕಾಲಿಟ್ಟವರಿಗೆ ಗೋಡೆಯ ಮೇಲಿನ ಕೂದಲೆಳೆಯಂಥ ಬಿರುಕು ಕೂಡ ನಿದ್ದೆಗೆಡಿಸುವುದು ಸಹಜ. ನಾನೂ ಆ ದಿನಗಳನ್ನು ಕಳೆದವನಾದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಬಿರುಕು ಕಂಡರೆ ಅದರ ಎರಡೂ ತುದಿಗಳಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಬರೆದು, ಸ್ಕೇಲು ಹಿಡಿದು ಫೋಟೊ ತೆಗೆದಿಟ್ಟುಕೊಳ್ಳಿ. ಗಾರೆ ಒಣಗಿ ಕುಗ್ಗುವಾಗ ಮೂಡುವ, 1 ಮಿಲಿಮೀಟರಿಗಿಂತ ಕಿರಿದಾದ ಬಿರುಕುಗಳು ಸಾಮಾನ್ಯವಾಗಿ ಮೇಲ್ಪದರಕ್ಕೆ ಸೀಮಿತವಾಗಿರುತ್ತವೆ. ಆದರೆ ಕೆಲವು ತಿಂಗಳಲ್ಲೇ ಆ ಗೆರೆಯನ್ನು ದಾಟಿ ಬೆಳೆದ ಅಥವಾ 5 ಮಿಲಿಮೀಟರ್ ಮೀರಿ ಅಗಲವಾದ ಬಿರುಕನ್ನು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಲು ದಯವಿಟ್ಟು ತಡಮಾಡಬೇಡಿ. ರಾತ್ರಿ ಕೇಳುವ ಟಕ್ ಟಕ್ ಸದ್ದು ಬಹುಪಾಲು ತಂಪಿಗೆ ಕುಗ್ಗುವ ಮರ ಮತ್ತು ಪೈಪುಗಳದ್ದು.

ನೀರು ಸೋರುತ್ತಿದೆಯೆಂಬ ಅನುಮಾನವಿದ್ದರೆ, ಟ್ಯಾಂಕಿಗೆ ನೀರು ಹರಿಯದಿರುವ ಹೊತ್ತಿನಲ್ಲಿ ಎಲ್ಲ ನಲ್ಲಿಗಳನ್ನು ನಿಲ್ಲಿಸಿ, ಮೀಟರಿನ ಅಂಕಿಯನ್ನು ಬರೆದಿಟ್ಟುಕೊಂಡು 2 ಗಂಟೆಯ ಬಳಿಕ ಮತ್ತೊಮ್ಮೆ ನೋಡಿ. ಅಂಕಿ ಮುಂದೆ ಸರಿದಿದ್ದರೆ ಪ್ಲಂಬರ್‌ನನ್ನು ಕರೆಸಿ. ಮೇನ್ ಸ್ವಿಚ್ಚು ಮತ್ತು ನೀರಿನ ಮುಖ್ಯ ವಾಲ್ವು ಎಲ್ಲಿವೆ, ಯಾವ ಕಡೆಗೆ ತಿರುಗಿಸಿದರೆ ನಿಲ್ಲುತ್ತವೆ ಎಂಬುದನ್ನು ಮನೆಯ ಪ್ರತಿಯೊಬ್ಬರ ಕೈಯಲ್ಲೂ ಒಮ್ಮೆ ಮಾಡಿಸಿ ನೋಡಿ. ಸಾಲದ ಕಂತಿನ ಜೊತೆಗೆ ರಿಪೇರಿಗೆಂದೇ ಪ್ರತಿ ತಿಂಗಳು ಒಂದಿಷ್ಟು ಹಣವನ್ನು ಬೇರೆ ಖಾತೆಗೆ ಹಾಕುತ್ತಿದ್ದರೆ, ಪಂಪು ಕೆಟ್ಟ ದಿನ ಕೈಸಾಲದ ಯೋಚನೆ ಬರುವುದಿಲ್ಲ.