ಮೀಟರ್ ಒಂದು ಬೈಕಿನದು, ಹೆಡ್‌ಲೈಟ್ ಇನ್ನೊಂದರದು: ಜೋಡಿಸುವ ಬಗೆ

ಗುಜರಿಯಲ್ಲಿ ಮೀಟರ್ ಕೊಳ್ಳುವವರು ಸಾಮಾನ್ಯವಾಗಿ ಡಬ್ಬಿಯ ಚೆಂದ ನೋಡಿ ಡಬ್ಬಿಯನ್ನಷ್ಟೇ ತರುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ. ಕೇಬಲ್, ಮುಂದಿನ ಚಕ್ರದ ಮೀಟರ್ ಗೇರ್ ಅಥವಾ ಸೆನ್ಸರ್, ಕಪ್ಲರಿನ (ವೈರುಗಳನ್ನು ಒಂದಕ್ಕೊಂದು ಸಿಕ್ಕಿಸುವ ಪ್ಲಗ್) ಎರಡೂ ಭಾಗ, ಅದರ ಹಿಂದೆ ಒಂದು ಗೇಣು ವೈರು, ಇಷ್ಟೂ ಅದೇ ಗಾಡಿಯಿಂದ ಬರಬೇಕು. ನೂರಿನ್ನೂರು ಹೆಚ್ಚು ಹೋದರೂ ಅಡ್ಡಿಯಿಲ್ಲ.

ಕೇಬಲ್ ಮೀಟರ್ ಓದುವುದು ವೇಗವನ್ನಲ್ಲ, ಕೇಬಲ್ ಎಷ್ಟು ಸುತ್ತು ತಿರುಗಿತು ಎಂಬುದನ್ನು. ಹಲವು ಜಪಾನಿ ಮೂಲದ ಮೀಟರುಗಳು ಕಿಲೋಮೀಟರಿಗೆ 1400 ಸುತ್ತಿನ ಲೆಕ್ಕದವು. ನಿಮ್ಮ ಚಕ್ರ ಎಷ್ಟು ಕೊಡುತ್ತದೆಂದು ಹೀಗೆ ನೋಡಿ. ಟೈರಿಗೂ ನೆಲಕ್ಕೂ ಸುಣ್ಣದ ಗುರುತು ಹಾಕಿ, ಒಬ್ಬರನ್ನು ಕೂರಿಸಿಕೊಂಡು ಗಾಡಿಯನ್ನು ನೆಟ್ಟಗೆ ಹತ್ತು ಸುತ್ತು ತಳ್ಳಿ. ಮೀಟರಿನಿಂದ ಬಿಚ್ಚಿದ ಕೇಬಲ್ ತುದಿಗೆ ಬಣ್ಣದ ಟೇಪು ಸುತ್ತಿ ಅದರ ಸುತ್ತು ಎಣಿಸಿ. 80/100-18 ಟೈರಿನ ಸುತ್ತಳತೆ ಲೆಕ್ಕದಲ್ಲಿ ಸುಮಾರು 1.94 ಮೀಟರ್, ಹತ್ತು ಸುತ್ತಿಗೆ 19.4 ಮೀಟರ್. ಅಷ್ಟರಲ್ಲಿ ಕೇಬಲ್ 27 ಸುತ್ತು ತಿರುಗಿದರೆ ಕಿಲೋಮೀಟರಿಗೆ ಸುಮಾರು 1390, ಮೀಟರ್ ಹೊಂದುತ್ತದೆ. ಅದೇ ಗೇರ್ ಇಟ್ಟುಕೊಂಡು 80/100-17 ಹಾಕಿದರೆ ಮುಳ್ಳು ನೂರಕ್ಕೆ ನಾಲ್ಕರಷ್ಟು ಹೆಚ್ಚು ತೋರಿಸುತ್ತದೆ, ಅದನ್ನು ಸಹಿಸಬಹುದು. ಕೇಬಲ್ ಉಲ್ಟಾ ತಿರುಗಿದರೆ ಮಾತ್ರ ಮುಳ್ಳು ಸೊನ್ನೆಯಿಂದ ಏಳುವುದೇ ಇಲ್ಲ. ಮೀಟರ್ ಕೆಟ್ಟಿದೆ ಎಂದು ಎಸೆಯುವ ಮೊದಲು ಗೇರಿನ ದಿಕ್ಕು ನೋಡಿ.

ಡಿಜಿಟಲ್ ಮೀಟರಿಗೆ ಸೆನ್ಸರಿನ ಪಲ್ಸ್, ಅಂದರೆ ಚಕ್ರ ತಿರುಗಿದಂತೆ ಬರುವ ಕರೆಂಟಿನ ಮಿಡಿತ, ಬೇಕು. ಚಕ್ರದ ಒಂದು ಸುತ್ತಿಗೆ ನಾಲ್ಕು ಪಲ್ಸ್ ನಿರೀಕ್ಷಿಸುವ ಮೀಟರಿಗೆ ಹದಿನಾರು ಬಂದರೆ 30ರ ವೇಗ 120 ಎಂದು ಕಾಣುತ್ತದೆ. ಟೈರಿನ ಸುತ್ತಳತೆಯನ್ನೂ ಪಲ್ಸ್ ಸಂಖ್ಯೆಯನ್ನೂ ಒತ್ತಿ ಕೂರಿಸಬಹುದಾದ ಮೀಟರ್ ಆದರೆ ಚಿಂತೆಯಿಲ್ಲ. ಬಿಎಸ್6 (ಹೊಗೆ ಮಿತಿಯ ಹೊಸ ನಿಯಮದ) ಗಾಡಿಗಳ ತಂಟೆಗೆ ಹೋಗದಿರುವುದು ಲೇಸು: ಹಲವುಗಳಲ್ಲಿ ಮೀಟರ್ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಜೊತೆ ತನ್ನದೇ ಭಾಷೆಯಲ್ಲಿ ಮಾತಾಡುತ್ತದೆ, ಎಂಜಿನ್ ಮತ್ತು ಎಬಿಎಸ್ ದೋಷದ ದೀಪಗಳೂ ಅದರೊಳಗೇ ಇರುತ್ತವೆ.

ಪೆಟ್ರೋಲ್ ಮುಳ್ಳಿಗೆ ಮಲ್ಟಿಮೀಟರ್ ಸಾಕು. ನಿಮ್ಮ ಟ್ಯಾಂಕಿನ ಫ್ಲೋಟನ್ನು (ಪೆಟ್ರೋಲಿನ ಮೇಲೆ ತೇಲುವ ಬುರುಡೆ) ಮೇಲೆ-ಕೆಳಗೆ ಮಾಡಿ ಓಮ್ ಬರೆದುಕೊಳ್ಳಿ, ಮೀಟರ್ ಬಂದ ಗಾಡಿಯ ಫ್ಲೋಟನ್ನೂ ಹಾಗೇ ಅಳೆಯಿರಿ. ಒಂದರಲ್ಲಿ ತುಂಬಿದಾಗ ಓಮ್ ಇಳಿದು ಇನ್ನೊಂದರಲ್ಲಿ ಏರುತ್ತಿದ್ದರೆ, ಖಾಲಿ ಟ್ಯಾಂಕಿಗೆ ಫುಲ್ ತೋರಿಸುತ್ತದೆ.

ಎಲ್ಲರನ್ನೂ ಕಾಡುವುದು ಇಂಡಿಕೇಟರ್ ದೀಪ. ಹಳೆಯ ಮೀಟರುಗಳಲ್ಲಿ ಎರಡೂ ಬದಿಗೆ ಒಂದೇ ಬಲ್ಬು. ಅದರ ಒಂದು ಕಾಲು ಎಡ ವೈರಿಗೆ, ಇನ್ನೊಂದು ಬಲಕ್ಕೆ. ಎಡಕ್ಕೆ ಹಾಕಿದಾಗ ಕರೆಂಟು ಬಲಗಡೆಯ ಬಲ್ಬುಗಳ ತಂತಿನ ಮೂಲಕ ಅರ್ಥ್ ಸೇರುತ್ತದೆ. ಹೊರಗೆ ಎಲ್‌ಇಡಿ ಇಂಡಿಕೇಟರ್ ಹಾಕಿದರೆ ಅಷ್ಟು ಸಣ್ಣ ಕರೆಂಟಿಗೇ ಅವು ಹೊತ್ತಿ ನಾಲ್ಕೂ ಒಟ್ಟಿಗೆ ಮಿಣುಕುತ್ತವೆ. ಪರಿಹಾರ ಎರಡು 1ಎನ್4007 ಡಯೋಡ್: ಎಡದಿಂದೊಂದು, ಬಲದಿಂದೊಂದು, ಎರಡರದೂ ಬೆಳ್ಳಿ ಗೆರೆಯ ತುದಿ ಮೀಟರ್ ಬಲ್ಬಿನ ಒಂದೇ ಕಾಲಿಗೆ. ಬಲ್ಬಿನ ಇನ್ನೊಂದು ಕಾಲು ನೇರ ಅರ್ಥಿಗೆ. ಇಂಡಿಕೇಟರ್ ಮಿಣುಕಿಸುವ ಫ್ಲ್ಯಾಶರನ್ನೂ ಎಲೆಕ್ಟ್ರಾನಿಕ್ ಮಾಡಿಕೊಳ್ಳಿ, ಇಲ್ಲದಿದ್ದರೆ ಮಿಣುಕುವುದು ತೀರಾ ಜೋರಾಗುತ್ತದೆ.

ಇನ್ನು ಹೆಡ್‌ಲೈಟ್. ಕೀ ಆನ್ ಮಾಡಿ, ಎಂಜಿನ್ ಆಫ್ ಇರಲಿ. ಲೈಟ್ ಹೊತ್ತದೆ, ಎಂಜಿನ್ ಶುರುವಾದ ಮೇಲೆ ಎಕ್ಸಿಲೇಟರ್ ಜೊತೆ ಏರಿಳಿದರೆ ಅದು ಮ್ಯಾಗ್ನೆಟ್ ಕಾಯಿಲಿನಿಂದ (ಎಂಜಿನ್ ತಿರುಗಿದಾಗ ಕರೆಂಟು ಹುಟ್ಟಿಸುವ ಸುರುಳಿ) ನೇರ ಬರುವ ಎಸಿ. ಅದಕ್ಕೆ ಎಲ್‌ಇಡಿ ಹಾಕಿದರೆ ಮಿಣುಕಿ ಮಿಣುಕಿ ಸಾಯುತ್ತದೆ. ಮೊದಲು ಕಾಯಿಲಿನ ಅರ್ಥ್ ತುದಿ ಬಿಡಿಸಿ, ಫುಲ್ ಡಿಸಿ ಆರ್‌ಆರ್ ಯೂನಿಟ್ (ಎಸಿಯನ್ನು ಡಿಸಿ ಮಾಡಿ ವೋಲ್ಟೇಜ್ ಹಿಡಿದಿಡುವ ರೆಗ್ಯುಲೇಟರ್-ರೆಕ್ಟಿಫೈಯರ್) ಹಾಕಬೇಕು. ಬುಲೆಟ್ಟಿನ 7 ಇಂಚಿನ ದೀಪ ಎಲ್ಲರಿಗೂ ಇಷ್ಟ, ಆದರೆ ಅದರ ಎಚ್4 ಬಲ್ಬು 60/55 ವ್ಯಾಟ್. 35 ವ್ಯಾಟಿಗೆ ಸುತ್ತಿದ ಕಮ್ಯೂಟರ್ (ದಿನಬಳಕೆಯ ಸಣ್ಣ ಬೈಕು) ಕಾಯಿಲ್ ಅದನ್ನು ಸಾಕಲಾರದು. 2.5 ಎಎಚ್ ಬ್ಯಾಟರಿಯಿಂದ ಉರಿಸಿದರೆ ಲೆಕ್ಕಕ್ಕೆ ಅರ್ಧ ಗಂಟೆ. 35/35ರ ಎಚ್‌ಎಸ್1 ಬಲ್ಬನ್ನೇ ಇಡಿ. ಪ್ಲಾಸ್ಟಿಕ್ ರಿಫ್ಲೆಕ್ಟರಿಗೆ 60 ವ್ಯಾಟ್ ತುರುಕಿದವರ ದೀಪ ಬೇಸಿಗೆಯೊಳಗೆ ಕರಗಿ ಹಳದಿಯಾಗುತ್ತದೆ.

ಕಾಯಿಲ್ 60 ವ್ಯಾಟ್ ತಾಳುವಂತಿದ್ದರೆ ಹೈ ಮತ್ತು ಲೋಗೆ ಒಂದೊಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡದನ್ನು ಆನ್ ಮಾಡುವ ಸ್ವಿಚ್) ಹಾಕಿ. ರಿಲೇ ಮೇಲೆ ಬರೆದ ಕಾಲುಗಳಲ್ಲಿ 30ಕ್ಕೆ ಬ್ಯಾಟರಿ ಪ್ಲಸ್, 87ರಿಂದ ಬಲ್ಬಿಗೆ, 86ಕ್ಕೆ ಹಳೆಯ ಹೆಡ್‌ಲೈಟ್ ವೈರು, 85 ಅರ್ಥಿಗೆ. 1.5 ಚದರ ಮಿಮೀ ವೈರು, ಬ್ಯಾಟರಿಯಿಂದ ಗೇಣಿನೊಳಗೆ 15 ಆಂಪಿಯರ್ ಫ್ಯೂಸ್. ಹತ್ತು ಸಾಲದು, ಡಿಪ್ಪರ್ ಒತ್ತಿದಾಗ ಎರಡೂ ತಂತು ಉರಿದು ಹತ್ತರ ಹತ್ತಿರ ಹೋಗುತ್ತದೆ. ಬಲ್ಬಿನ ಅರ್ಥನ್ನು ಹ್ಯಾಂಡಲ್‌ಗೆ ಕಟ್ಟಬೇಡಿ. ಗ್ರೀಸ್ ತುಂಬಿದ ಬೇರಿಂಗ್ ದಾಟಿ ಕರೆಂಟು ಚೆನ್ನಾಗಿ ಹರಿಯುವುದಿಲ್ಲ. ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಹ್ಯಾಲೊಜೆನ್ ಬೆಳಕು ಮೂವತ್ತರಷ್ಟು ಇಳಿಯುತ್ತದೆ.

ಬ್ರ್ಯಾಕೆಟ್ ಕೊಳ್ಳುವ ಮೊದಲು ಫೋರ್ಕಿನ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಕಮ್ಯೂಟರ್‌ಗಳಲ್ಲಿ 30 ಮಿಮೀ ಆಸುಪಾಸು, ಯಮಹಾ ಎಫ್‌ಝೆಡ್‌ನಲ್ಲಿ 41. ದೊಡ್ಡ ಕ್ಲಾಂಪಿಗೆ ರಬ್ಬರ್ ಸುತ್ತಿ ಬಿಗಿದರೆ ತಿಂಗಳೊಳಗೆ ಜಾರುತ್ತದೆ. ಕೂರಿಸಿದ ಮೇಲೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ವೈರು ಎಳೆಯುತ್ತದೆಯೇ, ಬ್ರೇಕ್ ಹೋಸ್ ಸಿಕ್ಕಿಕೊಳ್ಳುತ್ತದೆಯೇ ನೋಡಿ.

ದೀಪದ ಬೆಳಕಿನ ಮಟ್ಟ ಹೊಂದಿಸಲು ಗೋಡೆಯಿಂದ 5 ಮೀಟರ್ ದೂರ, ಸವಾರ ಮೇಲೆ ಕೂತಿರಬೇಕು. ಲೋ ಬೀಮಿನ ಮೇಲಂಚು ದೀಪದ ನಡುಮಟ್ಟಕ್ಕಿಂತ 5 ಸೆಂಮೀ ಕೆಳಗಿರಲಿ. ಅಂಚಿನ ಗೆರೆ ಎಡಕ್ಕೆ ಏರಬೇಕು. ಆನ್‌ಲೈನಿನಲ್ಲಿ ಬರುವ ಅಗ್ಗದ ಎಲ್‌ಇಡಿ ಕೆಲವು ಬಲಕ್ಕೆ ಏರುತ್ತವೆ. ಅವು ಬಲಬದಿ ಓಡಿಸುವ ದೇಶಗಳಿಗಾಗಿ ಮಾಡಿದವು. ದೇವಿಮನೆ ಘಟ್ಟದ ತಿರುವಿನಲ್ಲಿ ಎದುರಿನವನ ಕಣ್ಣಿಗೇ ಹೊಡೆಯುತ್ತವೆ.

ಕಳಚುವ ಮೊದಲೇ ಹಳೆಯ ಓಡೋಮೀಟರಿನ ಫೋಟೋ ತೆಗೆದಿಡಿ, ಮಾರುವಾಗ ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆಯನ್ನು ತಡೆಯುತ್ತದೆ. 182ಎ(4) ಪ್ರಕಾರ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸಜೆ, ಎರಡೂ ಆಗಬಹುದು. ಕೆಲಸಕ್ಕೆ ಕೈಹಾಕುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ, ಮೂಲ ಮೀಟರ್, ದೀಪಗಳನ್ನು ಎಸೆಯಬೇಡಿ.

ಕಾರವಾರ, ಅಂಕೋಲಾದ ಉಪ್ಪುಗಾಳಿಗೆ ಟೇಪು ಸುತ್ತಿದ ಜೋಡಣೆ ಒಂದು ಮಳೆಗಾಲ ನಿಲ್ಲುವುದಿಲ್ಲ. ಬಿಚ್ಚಿ ನೋಡಿದರೆ ತಾಮ್ರ ಹಸಿರು ಕಿಲುಬು. ಸೋಲ್ಡರ್ ಮಾಡಿ, ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ಹಿಡಿಯುವ ಕೊಳವೆ) ಹಾಕಿ, ಕಪ್ಲರಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ. ವೈರು ಡೂಮಿನೊಳಗೆ (ಹೆಡ್‌ಲೈಟಿನ ಬಟ್ಟಲು) ಹೋಗುವ ಮೊದಲು ಒಮ್ಮೆ ಕೆಳಗಿಳಿದು ಮೇಲೇರಲಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಡೂಮಿನ ತಳದಲ್ಲಿ 4 ಮಿಮೀ ತೂತು ಬಿಡಿ. ಮೊದಲ ಜೋರು ಮಳೆಯ ಮಾರನೇ ದಿನ ರಿಮ್ ಸ್ಕ್ರೂ ಬಿಚ್ಚಿ ಒಳಗೆ ಬೆರಳಾಡಿಸಿ. ಒದ್ದೆಯಿದ್ದರೆ ಸೀಲ್ ಮಾಡಬೇಕಾದ್ದು ಮೇಲಿನ ಅಂಚನ್ನು, ಆ ತೂತನ್ನಲ್ಲ.