ಹಂಚಿನ ಮನೆಯ ಪಕ್ಕದಲ್ಲಿ 18 ಮಹಡಿ

ಮಂಗಳೂರಿನ ಕದ್ರಿ ಗುಡ್ಡದ ಇಳಿಜಾರಿನಲ್ಲಿರುವ ಹಳೆಯ ಹಂಚಿನ ಮನೆಯೊಂದನ್ನು ಉಳಿಸಿಕೊಂಡು, ಅದೇ ಜಾಗದಲ್ಲಿ ಅಂಗಡಿ, ಕಚೇರಿ ಮತ್ತು ಫ್ಲ್ಯಾಟುಗಳಿರುವ 18 ಮಹಡಿಯ ಕಟ್ಟಡಕ್ಕೆ ನಕ್ಷೆ ಮಾಡಿಕೊಡಬೇಕೆಂದು ಆ ಮನೆಯ ಮಾಲೀಕರು ವಾಸ್ತುಶಿಲ್ಪಿಯಾದ ನನ್ನನ್ನು ಕೇಳಿದಾಗ, ಎರಡೂ ಕಟ್ಟಡಗಳು ಒಟ್ಟಿಗೆ ಹೇಗೆ ಕಾಣಿಸಬೇಕು ಎಂಬುದರಲ್ಲೇ ನಾನು ಮುಳುಗಿದ್ದೆ. ಹಳೆಯ ಮನೆಗೆ ಕೆಳಗಿನಿಂದಲೂ ಮೇಲಿನಿಂದಲೂ ನೀರೇ ಶತ್ರು ಎಂಬುದು ಅರ್ಥವಾಗಲು ಮೂರು ಮಳೆಗಾಲ ಬೇಕಾಯಿತು.

ನಮ್ಮ ಗುಡ್ಡಗಳಲ್ಲಿ ಮೇಲೆ ಮುರಕಲ್ಲಿನ (ಜಂಬಿಟ್ಟಿಗೆಯ) ಗಟ್ಟಿ ಪದರ, ಅದರ ಅಡಿಯಲ್ಲಿ ಶೇಡಿಮಣ್ಣು ಎಂಬ ನುಣುಪಾದ ಜೇಡಿ. ಒಣಗಿದ್ದಾಗ ಗೋಡೆಯಂತೆ ನೆಟ್ಟಗೆ ನಿಲ್ಲುವ ಈ ಮಣ್ಣು ನೀರು ಕುಡಿದ ಕೂಡಲೇ ಸತ್ವ ಕಳೆದುಕೊಂಡು ಜಾರುತ್ತದೆ. ಇದು ಗೊತ್ತಿದ್ದೂ, ವಾಹನ ನಿಲುಗಡೆಯ ಲೆಕ್ಕ ಸರಿಹೊಂದಿಸುವ ಆತುರದಲ್ಲಿ ಎರಡು ಹಂತದ ಬೇಸ್‌ಮೆಂಟನ್ನು ಮನೆಯ ಹಿಂಗೋಡೆಯಿಂದ ಕೇವಲ 3 ಮೀಟರ್ ದೂರಕ್ಕೆ ತಂದಿದ್ದೆ, ತಪ್ಪು ನನ್ನದೇ. ಅಗೆತಕ್ಕೆ ಮುಂಚೆ, ಗೋಡೆ ಸರಿದರೆ ತಿಳಿಯಲೆಂದು ಹಳೆಯ ಬಿರುಕುಗಳಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಗಳನ್ನು ಅಂಟಿಸಿ, ಒಂದೊಂದರ ಮೇಲೂ ದಿನಾಂಕ ಬರೆದಿದ್ದೆವು. ಮೇ ಕೊನೆಯಲ್ಲಿ ಎರಡು ರಾತ್ರಿ ಮಳೆ ಸುರಿದ ಮರುದಿನ, ಹಿಂಬದಿಯ ಜಗಲಿಯ ಮೇಲಿದ್ದ ಪಟ್ಟಿ ತುಂಡಾಗಿತ್ತು. “ಶೇಡಿ ಕಂಡ ಮೇಲೆ ಅದನ್ನು ಮಳೆಗೆ ಬಿಡ್ಲಿಕ್ಕಿಲ್ಲ ಸರ್, ಮೊದಲು ಮುಚ್ಚುವ” ಎಂದರು ಮೇಸ್ತ್ರಿ. ಅಗೆದ ಮಣ್ಣನ್ನೇ ಬುಡಕ್ಕೆ ತುಂಬಿಸಿ, ಮೇಲೆ ಟಾರ್ಪಾಲು ಹೊದೆಸಿ, ಮಳೆಗಾಲ ಮುಗಿಯುವವರೆಗೆ ಕೆಲಸ ನಿಲ್ಲಿಸಿದೆವು.

ಆ ನಾಲ್ಕು ತಿಂಗಳಲ್ಲಿ ನಕ್ಷೆಯನ್ನು ಹೊಸದಾಗಿ ಬರೆದೆ. ಬೇಸ್‌ಮೆಂಟ್ ಒಂದೇ ಹಂತಕ್ಕೆ ಇಳಿದು 9 ಮೀಟರ್ ಹಿಂದೆ ಸರಿಯಿತು. ಉಳಿದ ಕಾರುಗಳಿಗೆ ಅಂಗಡಿಗಳ ಮೇಲಿನ ಎರಡು ಮಹಡಿ ಕೊಟ್ಟೆವು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಮಾತ್ರ ಅಗೆತ. ಪ್ರತಿ ಒಂದೂವರೆ ಮೀಟರ್ ಆಳಕ್ಕೆ ಇಳಿದಾಗಲೂ ಮಣ್ಣಿನೊಳಗೆ ಕಬ್ಬಿಣದ ಸರಳು ಸೇರಿಸಿ, ಬಲೆ ಕಟ್ಟಿ, ಕಾಂಕ್ರೀಟ್ ಸಿಂಪಡಿಸಿದ ಮೇಲೆಯೇ ಮುಂದಿನ ಹಂತ. ನಾವು ಕಟ್ಟುವಾಗಿನ ನಕ್ಷೆಯಲ್ಲಿ ಮಂಗಳೂರು ಭೂಕಂಪದ ಮಧ್ಯಮ ಅಪಾಯದ 3ನೇ ವಲಯದಲ್ಲಿದ್ದುದರಿಂದ, ನೆಲ ನಡುಗಿದರೂ ಹೊಸ ಕಟ್ಟಡ ಹಳೆಯದನ್ನು ಎಲ್ಲಿಯೂ ಮುಟ್ಟದಂತೆ ನೋಡಿಕೊಂಡೆವು. ನಡುವಿನ ಸಂದಿಯ ಮುಚ್ಚಿಗೆಯನ್ನು ಹೊಸ ಕಟ್ಟಡಕ್ಕಷ್ಟೇ ಬಿಗಿದಿದ್ದೇವೆ. ಫ್ಲ್ಯಾಟಿನವರ ಲಿಫ್ಟು, ಮೆಟ್ಟಿಲುಗಳೂ ಅಂಗಡಿಗಳಿಂದ ಬೇರೆ.

ಮನೆಯ ದುರಸ್ತಿಯಲ್ಲಿ ಹೆಚ್ಚು ಸಮಯ ತಿಂದದ್ದು ಹಿಂದೆಂದೋ ಯಾರೋ ಮುರಕಲ್ಲಿನ ಗೋಡೆಗೆ ಬಳಿದಿದ್ದ ಸಿಮೆಂಟು. ಒಳಗಿನ ತೇವ ಹೊರಬರಲಾಗದೆ ಕಲ್ಲು ಪುಡಿಯಾಗಿ ಉದುರುತ್ತಿತ್ತು. ಅದನ್ನು ಕೈ ಉಳಿಯಿಂದಲೇ ಕಿತ್ತು, ಒಂದು ಬೇಸಿಗೆ ಪೂರ್ತಿ ಗೋಡೆಯನ್ನು ಬರಿದಾಗಿ ಒಣಗಲು ಬಿಟ್ಟು, ಬಳಿಕ ಚಿಪ್ಪುಸುಣ್ಣದ ಗಾರೆ ಮಾಡಿಸಿದೆ. ಹಂಚಿನದು ಇನ್ನೊಂದು ಕಥೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಳಿಕ ಊರಿನಲ್ಲಿ ಇಂಥ ಕಾರ್ಖಾನೆಗಳು ಹಲವು ಹುಟ್ಟಿಕೊಂಡವು; ಒಂದರ ಅಚ್ಚಿನ ಹಂಚಿನ ತುಟಿ ಇನ್ನೊಂದರ ಹಂಚಿನ ಅಂಚಿನ ತೋಡಿಗೆ ಸರಿಯಾಗಿ ಕೂರುವುದಿಲ್ಲ. ಹಳೆಯದರ ನಡುವೆ ಹೊಸ ಹಂಚು ಸೇರಿಸಿದಲ್ಲೆಲ್ಲ ಸೋರಿತು. ಕೊನೆಗೆ ಗಟ್ಟಿಯಿದ್ದ ಹಳೆಯ ಹಂಚುಗಳನ್ನೆಲ್ಲ ರಸ್ತೆಗೆ ಕಾಣುವ ಮಾಡಿಗೆ (ಛಾವಣಿಗೆ) ಹೊದೆಸಿ, ಹಿಂದಿನ ಮಾಡಿಗೆ ಪೂರ್ತಿ ಹೊಸ ಹಂಚು ಹಾಕಿದೆವು.

ಮೇಲಿನ ನೀರಿನ ಪಾಠ ಕಲಿತದ್ದು ಹೊಸ ಕಟ್ಟಡದ ಗೋಡೆಗಳು ಒಂಬತ್ತನೆಯ ಮಹಡಿಗೆ ಬಂದಾಗ. ನೈಋತ್ಯದ ಗಾಳಿಮಳೆ ಆ ಎತ್ತರದ ಗೋಡೆಗೆ ಅಪ್ಪಳಿಸಿ, ಪರದೆಯಂತೆ ಇಳಿದು, ನೇರವಾಗಿ ಹಂಚಿನ ಮೇಲೆ ಸುರಿಯುತ್ತಿತ್ತು. ಒಂದು ಮಾಡಿಗೆ ಎರಡು ಆಕಾಶದ ಮಳೆ! ಮೂರನೆಯ ಮಹಡಿಯ ಮಟ್ಟದಲ್ಲಿ ಅಗಲವಾದ ಸಜ್ಜ, ಅದರ ಅಂಚಿಗೆ ನೀರು ಹರಿದುಹೋಗುವ ದಂಬೆ ಸೇರಿಸಿದೆವು. ಗೋಡೆಗುಂಟ ಕೆಳಗಿಳಿಯುವ ಗಾಳಿ ಹಂಚನ್ನು ಎಬ್ಬಿಸದಂತೆ ಅಂಚಿನ ಸಾಲುಗಳನ್ನು ತಾಮ್ರದ ತಂತಿಯಿಂದ ಹಂಚು ಕೂರುವ ಮರದ ರೀಪಿಗೆ ಕಟ್ಟಿಸಿದೆ. ಆ ಬದಿಯ ಬಾಲ್ಕನಿಗಳನ್ನು ಕೈಬಿಟ್ಟದ್ದಕ್ಕೆ ಮನೆಯವರು ಮುನಿಸಿಕೊಂಡರು. ಹನ್ನೆರಡನೆಯ ಮಹಡಿಯಿಂದ ಬೀಳುವ ಹೂಕುಂಡ ಹಂಚಿಗೆ ಏನು ಮಾಡೀತೆಂದು ಕೇಳಿದ ಮೇಲೆ ಒಪ್ಪಿದರು.

ಮಿಕ್ಕ 200 ಹಳೆಯ ಹಂಚುಗಳು ಪಂಪಿನ ಕೋಣೆಯ ಪಕ್ಕದಲ್ಲಿವೆ. ನಿವಾಸಿಗಳ ಸಂಘದವರು ಅವನ್ನು ಕಸವೆಂದು ಸಾಗಿಸಲು ಹೊರಟಿದ್ದರಿಂದ, ಅವು ಯಾವ ಮಾಡಿನವು ಎಂದು ಬರೆದ ಫಲಕವೊಂದನ್ನು ಅಲ್ಲೇ ಗೋಡೆಗೆ ಹೊಡೆಸಿದ್ದೇನೆ.