ಹ್ಯಾನ್ಸನ್ ಹುಡುಗರ ಮೊದಲ ಆಲ್ಬಂಗಳ ವಿಮರ್ಶೆ ಬರೆಯುವುದು ಹೇಗೆ

ಮೊದಲು ಹ್ಯಾನ್ಸನ್ ಅನ್ನುವ ಪಾಪ್ ತಂಡದ 1997ರ ಹಿಟ್ ಆಲ್ಬಂ ‘ಮಿಡಲ್ ಆಫ್ ನೋವೇರ್’ ಪಕ್ಕಕ್ಕಿಡಿ. ಅಮೆರಿಕದ ಟಲ್ಸಾ ಊರಿನ ಈ ಅಣ್ಣತಮ್ಮಂದಿರು, ಐಸಾಕ್, ಟೇಲರ್, ಝಾಕ್, ಅದಕ್ಕೂ ಮುಂಚೆ ದೊಡ್ಡ ಕಂಪನಿಯ ಬೆಂಬಲವಿಲ್ಲದೆ ಎರಡು ಆಲ್ಬಂ ತಂದಿದ್ದರು: 1995ರ ‘ಬೂಮರಾಂಗ್’, 1996ರ ‘ಮ್ಮ್‌ಬಾಪ್’. ಅದೇ ಕ್ರಮದಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮೊದಲ ಸಲ ಏನೂ ಬರೆಯಬೇಡಿ.

ಎರಡನೇ ಸಲ ದನಿಗಳನ್ನು ಬಿಡಿಸಿ ಕೇಳಿ. ಒಡಹುಟ್ಟಿದವರ ದನಿಗಳು ಹತ್ತಿರ ಹತ್ತಿರ ಇರುತ್ತವೆ ಅಲ್ವಾ, ಹಾಗಾಗಿ ಮೂವರೂ ಸೇರಿ ಹಾಡಿದಾಗ ಯಾರದು ಯಾವುದು ಅಂತ ಗೊತ್ತಾಗದಷ್ಟು ಬೆರೆಯುತ್ತವೆ. ಸುಮ್ನೆ ‘ಚೆನ್ನಾಗಿದೆ’ ಅಂತ ಮುಗಿಸದೆ ಯಾವ ಹಾಡು, ಎಷ್ಟನೇ ನಿಮಿಷ ಅಂತ ಗುರುತು ಹಾಕಿಕೊಳ್ಳಿ.

ಆಮೇಲೆ ನನಗೆ ತುಂಬಾ ಇಷ್ಟವಾದ ಕೆಲಸ. ‘ಮ್ಮ್‌ಬಾಪ್’ ಹಾಡಿನ 1996ರ ರೂಪ ಮತ್ತು ಅಮೆರಿಕದಲ್ಲಿ ನಂಬರ್ ಒನ್ ಆದ 1997ರ ರೂಪ, ಎರಡನ್ನೂ ಬೆನ್ನುಬೆನ್ನಿಗೆ ಹಾಕಿ. ಹಳೆಯದರ ಓಟ ನಿಧಾನ. ಹೊಸದರಲ್ಲಿ ಡಸ್ಟ್ ಬ್ರದರ್ಸ್ ಅನ್ನುವ ಸಂಗೀತ ನಿರ್ಮಾಪಕರ ಜೋಡಿಯ ಕೈ ಸೇರಿ ಕುಣಿತ ಜಾಸ್ತಿಯಾಗಿದೆ. ಬದುಕಿನಲ್ಲಿ ಕೊನೆವರೆಗೂ ಉಳಿಯುವ ನಂಟು ಕೆಲವೇ ಅನ್ನುವ ಹಾಡು ಅದು, ಆ ನೋವು ನನಗೆ ಹಳೆಯದರಲ್ಲೇ ಚೆನ್ನಾಗಿ ಕೇಳಿಸುತ್ತದೆ. ನಿಮಗೆ ಬೇರೆ ಅನ್ನಿಸಿದರೆ ಹಾಗೇ ಬರೆಯಿರಿ, ಕಾರಣ ಕೊಡಿ.

ಡ್ರಮ್ಸ್ ನುಡಿಸುವ ಝಾಕ್ ಹುಟ್ಟಿದ್ದು 1985ರಲ್ಲಿ. ವಯಸ್ಸನ್ನು ಒಂದೇ ಸಲ ಹೇಳಿ. ತಾಳ ಜಾರಿದ್ದರೆ ಜಾರಿದೆ ಅನ್ನಿ, ಮಗು ಅಂತ ರಿಯಾಯಿತಿ ಬೇಡ. ಕೂದಲು, ಮುಖದ ಬಗ್ಗೆ ಒಂದು ಸಾಲೂ ಬೇಡ.